ಗಾಳದ ಚೀಲದಲ್ಲಿ ಏನಿರಬೇಕು?

ಬೇಸಿಗೆ ರಜೆಯ ಒಂದು ಭಾನುವಾರ ಬೆಳಿಗ್ಗೆ ಶಹಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಹುಡುಗನೊಬ್ಬ ದೊಡ್ಡದೊಂದು ಚೀಲ ತಂದು ಇಳಿಸಿದ. ಹತ್ತನೆಯ ತರಗತಿಯವರೆಗೆ ನನ್ನ ಬಳಿಯೇ ವಿಜ್ಞಾನ ಕಲಿತವನು. ಪಿ.ಯು.ಸಿ. ಮೊದಲ ವರ್ಷ ಆಗಷ್ಟೇ ಮುಗಿಸಿದ್ದ. ಅವನ ಹಿಂದೆಯೇ ತಂದೆಯೂ ಬಂದರು.

"ಸರ್, ಇವ ಗಾಳ ಹಾಕಲಿಕ್ಕ ಹೊಳಿಗಿ ಹೋಗ್ತೀನಿ ಅಂತ ಗಂಟು ಬಿದ್ದಾನ್ರಿ. ಇವರವ್ವ ಬ್ಯಾಡ ಅಂತ ಕುಂತಾಳ. ನೀವು ಈ ಚೀಲ ನೋಡಿ ಹೂಂ ಅಂದ್ರ ನಾನೂ ಹೂಂ ಅಂತೀನಿ" ಎಂದರು.

ಹುಡುಗನ ತಲೆಗೆ ಈ ಹುಳ ಬಿಟ್ಟದ್ದು ಮೊಬೈಲಿನಲ್ಲಿ ನೋಡಿದ ಅಮೆರಿಕದ ಮೀನಿನ ಪಂದ್ಯ. ಬಾಸ್ ಎಂಬ ಮೀನನ್ನು ಗಾಳಕ್ಕೆ ಹಿಡಿದು, ತೂಗಿ, ತಿರುಗಿ ನೀರಿಗೆ ಬಿಡುವ ಆಟ. ಅದನ್ನು ನೋಡಿ ಐದು ಮಂದಿ ಗೆಳೆಯರು ಕೊಳ್ಳೂರ (ಎಂ) ಸೇತುವೆಯ ಹತ್ತಿರ ಕೃಷ್ಣೆಯಲ್ಲಿ ತಾವೂ ಪಂದ್ಯ ಕಟ್ಟಿದ್ದರು. ಸೋತವರೆಲ್ಲ ಸೇರಿ ಗೆದ್ದವನಿಗೆ ಹೊಟ್ಟೆ ತುಂಬ ಮಿರ್ಚಿಭಜಿ ತಿನ್ನಿಸಬೇಕು. ಅದೇ ಬಹುಮಾನ.

ಚೀಲ ಎತ್ತಿ ನೋಡಿದೆ, ಹೆಗಲು ಜಗ್ಗಿತು. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿದರೆ ಏಳು ಕಿಲೊ! ಅದರಲ್ಲಿ ಏನುಂಟು ಏನಿಲ್ಲ? ಬಣ್ಣಬಣ್ಣದ ರಬ್ಬರ್ ಹುಳುಗಳ ಹನ್ನೆರಡು ಪೊಟ್ಟಣ, ಮೂರು ರೀಲು, ನೂರಾರು ಗಾಳದ ಮುಳ್ಳು, ಅಂಗೈ ತುಂಬುವಷ್ಟು ಸೀಸದ ಗುಂಡು. "ಇಕ್ಕಳ ಎಲ್ಲಿ?" ಎಂದು ಕೇಳಿದೆ. ಇರಲಿಲ್ಲ. "ಕುಡಿಯುವ ನೀರು?" ಅದೂ ಇರಲಿಲ್ಲ. ಮೀನಿಗೆ ಬೇಕಾದದ್ದೆಲ್ಲ ಇತ್ತು, ಮನುಷ್ಯನಿಗೆ ಬೇಕಾದ ಒಂದು ಸಾಮಾನೂ ಇರಲಿಲ್ಲ.

ಬಾಸ್ ಪಂದ್ಯದ ಕಥೆಯನ್ನೇ ಅವನಿಗೆ ಮೊದಲು ಹೇಳಿದೆ. ಈ ಪಂದ್ಯಗಳಿಗೆ ಇಂದಿನ ರೂಪ ಕೊಟ್ಟವರು ಅಮೆರಿಕದ ರೇ ಸ್ಕಾಟ್. 1967ರಲ್ಲಿ ಅರ್ಕನ್ಸಾ ರಾಜ್ಯದ ಬೀವರ್ ಸರೋವರದಲ್ಲಿ ಅವರು ಮೊದಲ ಪಂದ್ಯ ನಡೆಸಿದರು. 1971ರಲ್ಲಿ 'ಬಾಸ್‌ಮಾಸ್ಟರ್ ಕ್ಲಾಸಿಕ್' ಎಂಬ ದೊಡ್ಡ ಸ್ಪರ್ಧೆ ಆರಂಭವಾಯಿತು. ಅದರ ಸೊಗಸು ಕೇಳಿ. ಆಯ್ಕೆಯಾದ 24 ಮಂದಿಯನ್ನು ವಿಮಾನ ಹತ್ತಿಸಿದರು. ಯಾವ ಸರೋವರಕ್ಕೆ ಹೋಗುತ್ತಿದ್ದೇವೆ ಎಂಬುದು ವಿಮಾನ ಮೇಲೇರುವವರೆಗೂ ಅವರಿಗೆ ಗೊತ್ತಿರಲಿಲ್ಲ! ಒಯ್ಯುವ ಸಾಮಾನಿಗೂ ತೂಕದ ಮಿತಿ ಇತ್ತು. ಕೊನೆಗೆ ಇಳಿದದ್ದು ನೆವಾಡ ರಾಜ್ಯದ ಮರುಭೂಮಿಯ ನಡುವಿನ ಲೇಕ್ ಮೀಡ್‌ನಲ್ಲಿ. ಗೆದ್ದವರು ಬಾಬಿ ಮರ್ರೆ. ಕಾಣದ ನೀರಿಗೆ, ಅಳತೆಯ ತೂಕದೊಳಗೆ ಚೀಲ ಕಟ್ಟುವುದೆಂದರೆ ಅದು ಒಳ್ಳೆಯ ಪರೀಕ್ಷೆ. ನಮ್ಮ ಹುಡುಗನಿಗಾದರೋ ನೀರು ಗೊತ್ತು, ಮೀನು ಗೊತ್ತು. ಏಳು ಕಿಲೊ ಯಾಕೆ?

ನಮ್ಮ ನಾಡಿಗೂ ಈ ಆಟ ಹೊಸದೇನಲ್ಲ. ಗಾಳದ ಮೀನುಗಾರಿಕೆಯ ಬಗ್ಗೆ ಹೆಸರಾದ 'ದಿ ರಾಡ್ ಇನ್ ಇಂಡಿಯಾ' ಎಂಬ ಇಂಗ್ಲಿಷ್ ಪುಸ್ತಕ ಮೊದಲು ಅಚ್ಚಾದದ್ದು 1873ರಲ್ಲಿ, ನಮ್ಮ ಮಂಗಳೂರಿನಲ್ಲಿ. ಬರೆದವರು ಎಚ್.ಎಸ್. ಥಾಮಸ್. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿ ಹೊಳೆಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ ಮೀನು 120 ಪೌಂಡ್, ಎಂದರೆ 54 ಕಿಲೊ ತೂಗಿತ್ತು. ಕೊಡಗಿನ ವಾಲ್ನೂರಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಕಾವೇರಿಯ ದಂಡೆಯ ಮೇಲೆ ಗಾಳದ ಸ್ಪರ್ಧೆಗಳನ್ನು ನಡೆಸಿದ್ದಾರೆ. ಕಾವೇರಿಯ ಆ ದೊಡ್ಡ ಮಹಶೀರ್ ಇಂದು ಅಳಿವಿನ ಅಂಚಿಗೆ ಬಂದಿದೆ. ವಿಜ್ಞಾನಿಗಳು ಅದರ ಸರಿಯಾದ ವೈಜ್ಞಾನಿಕ ಹೆಸರನ್ನು ನಿಶ್ಚಯಿಸಿದ್ದೇ 2018ರಲ್ಲಿ ಎಂದರೆ ನಂಬುತ್ತೀರಾ?

ನಮ್ಮ ನೀರು, ನಮ್ಮ ಮೀನು

ಯಾದಗಿರಿ ಜಿಲ್ಲೆಯಲ್ಲಿ ಬಾಸ್ ಇಲ್ಲ, ಇರುವುದೂ ಬೇಡ. ಹೊರಗಿನ ಬೇಟೆ ಮೀನನ್ನು ತಂದು ಬಿಟ್ಟರೆ ನಮ್ಮ ಸಣ್ಣ ಮೀನುಗಳ ಗತಿಯೇನು? ನಮ್ಮಲ್ಲಿ ಅದರ ಸ್ವಭಾವಕ್ಕೆ ಹತ್ತಿರವಾದದ್ದು ಮರಲ್. ಹಳೆ ಮೈಸೂರಿನವರು ಕೊರವ ಎನ್ನುತ್ತಾರೆ. ಹಾವಿನಂಥ ತಲೆ, ಅಗಲ ಬಾಯಿ. ಜಂಡಿನ ಮರೆಯಲ್ಲಿ, ತಾವರೆ ಎಲೆಯ ಕೆಳಗೆ ಕದಲದೆ ನಿಂತು, ಹತ್ತಿರ ಬಂದ ಕಪ್ಪೆಯನ್ನೋ ಸಣ್ಣ ಮೀನನ್ನೋ ಒಮ್ಮೆಗೇ ಹಾರಿ ಹಿಡಿಯುತ್ತದೆ. ಕಿವಿರಿನ ಜೊತೆಗೆ ನೇರವಾಗಿ ಗಾಳಿಯನ್ನು ಉಸಿರಾಡುವ ಅಂಗವೂ ಅದಕ್ಕುಂಟು. ಹಾಗಾಗಿ ಆಗಾಗ ಮೇಲೆ ಬಂದು ಗುಟುಕು ಗಾಳಿ ನುಂಗಲೇಬೇಕು. ನೀರಿನ ಮೇಲೆ ಆಗ ಏಳುವ ಉಂಗುರವೇ ಅದರ ವಿಳಾಸ.

ಈ ಮೀನಿನ ಇನ್ನೊಂದು ಗುಣ ತಂದೆ ತಾಯಂದಿರಿಗೆ ಹಿಡಿಸೀತು. ಕೆಂಪು-ಕಿತ್ತಳೆ ಬಣ್ಣದ ನೂರಾರು ಮರಿಗಳು ಗುಂಪಾಗಿ ಮೇಲೆ ತೇಲುತ್ತಿದ್ದರೆ, ಕೆಳಗೆ ಹೆತ್ತ ಮೀನು ಕಾವಲು ನಿಂತಿದೆ ಎಂದು ತಿಳಿಯಿರಿ. ಆಗ ಗಾಳ ಎಸೆದರೆ ಅದು ಹಸಿವಿನಿಂದಲ್ಲ, ಮರಿಗಳ ಮೇಲಿನ ಕಾಳಜಿಯಿಂದ ಮೈಮೇಲೆ ಬಂದು ಕಚ್ಚುತ್ತದೆ. ಅದನ್ನು ಎತ್ತಿದಿರೋ ಇಡೀ ಸಂಸಾರವೇ ಮುಗಿಯಿತು. ಅಂಥಲ್ಲಿ ಗಾಳ ಮಡಚಿ ಮುಂದೆ ನಡೆಯಬೇಕು.

ಉಳಿದಂತೆ ಕಟ್ಲಾ, ರೋಹು, ಗಿರ್ಲು, ಜಿಲೇಬಿ ಮೀನು. ಇವಕ್ಕೆ ಎರೆಹುಳು, ಜೋಳದ ಹಿಟ್ಟಿನ ಉಂಡೆ, ಶೇಂಗಾ ಹಿಂಡಿ ಸಾಕು. ಪೇಟೆಯ ರಬ್ಬರ್ ಹುಳು ಬೇಡವೇ ಬೇಡ. ಮರಲ್‌ಗೆ ಮಾತ್ರ ರಬ್ಬರಿನ ಕಪ್ಪೆ ಒಳ್ಳೆಯದು. ಮುಳ್ಳಿನ ಮೊನೆ ಮೇಲ್ಮುಖವಾಗಿ ಅದರ ಬೆನ್ನಿಗೆ ಅಂಟಿಕೊಂಡಿರುವುದರಿಂದ ಜಂಡಿಗೆ ಸಿಕ್ಕಿಬೀಳುವುದಿಲ್ಲ. ಜೀವಂತ ಕಪ್ಪೆಗಳಿಗೂ ನೆಮ್ಮದಿ. ಹನ್ನೆರಡು ಪೊಟ್ಟಣದಲ್ಲಿ ಎರಡು ಕಪ್ಪೆ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಪಕ್ಕಕ್ಕಿಟ್ಟೆವು. ಅಂದ ಹಾಗೆ, ಈ ಮೆತ್ತನೆಯ ರಬ್ಬರ್ ಸಾಮಾನನ್ನು ಅದು ಬಂದ ಪೊಟ್ಟಣದಲ್ಲೇ ಇಡಿ. ಅದನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ಕೆಲವು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳನ್ನೇ ಕರಗಿಸಿಬಿಡುತ್ತದೆ. ಹುಡುಗನ ಡಬ್ಬಿಯ ತಳ ಆಗಲೇ ಅಂಟಂಟಾಗಿತ್ತು.

ಯಾವ ಚೀಲ?

ಹೊಸ ಚೀಲಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಹಳೆಯ ಕ್ಯಾನ್ವಾಸಿನ ಶಾಲಾ ಚೀಲ ಚೆನ್ನಾಗಿಯೇ ನಡೆಯುತ್ತದೆ. ನೋಡಬೇಕಾದದ್ದು ಮೂರೋ ನಾಲ್ಕೋ ಸಂಗತಿ. ಪಟ್ಟಿ ಅಗಲವಾಗಿರಬೇಕು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಎಂಟನೆಯ ತರಗತಿಯಲ್ಲಿ ಓದಿದ್ದು ಇಲ್ಲಿ ಹೆಗಲಿಗೇ ಅರ್ಥವಾಗುತ್ತದೆ. ಒಂದೇ ಕೈಯಿಂದ ಬಿಚ್ಚಿ ಎಸೆಯುವಂತಿರಬೇಕು. ಕಾಲು ಜಾರಿ ನೀರಿಗೆ ಬಿದ್ದಾಗ ಎದೆಗೆ ಬಿಗಿದ ಚೀಲ ಶತ್ರು. ತಳದಲ್ಲಿ ನೀರು ಸೋರಲು ಎರಡು ತೂತು ಬೇಕು. ಒದ್ದೆ ಚೀಲದಲ್ಲಿ ಒಂದು ರಾತ್ರಿ ಕಳೆದರೆ ಮುಳ್ಳುಗಳಿಗೆಲ್ಲ ತುಕ್ಕು ಹಿಡಿಯುತ್ತದೆ. ಬಳಸಿದ ಒದ್ದೆ ಮುಳ್ಳನ್ನು ಒಣ ಮುಳ್ಳುಗಳ ಡಬ್ಬಿಗೆ ಹಾಕುವುದೂ ಅಷ್ಟೇ. ಕಬ್ಬಿಣ, ಗಾಳಿ, ತೇವ ಮೂರೂ ಒಂದೆಡೆ ಸೇರಿದವೆಂದರೆ ಹೇಳಬೇಕೆ?

ನಮ್ಮ ಕಡೆಯ ಒಬ್ಬ ಮುತ್ಯಾ ಐವತ್ತು ವರ್ಷದಿಂದ ಗಾಳ ಹಾಕುತ್ತಿದ್ದಾನೆ. ಅವನದು ಗೊಬ್ಬರದ ಚೀಲ ಹರಿದು ಹೊಲಿದ ಬಗಲಚೀಲ. ಒಮ್ಮೆ ನನ್ನ ಚೀಲ ನೋಡಿ, "ಮಾಸ್ತರ, ಚೀಲ ದೊಡ್ಡದಾದ್ರ ಮೀನ ಹೆಚ್ಚ ಬೀಳಂಗಿಲ್ರಿ" ಎಂದು ನಕ್ಕಿದ್ದ.

ಮುಚ್ಚಳ ಬಿಗಿಯಾದ ಖಾಲಿ ಡಬ್ಬಿ ಒಂದನ್ನು ಚೀಲದಲ್ಲಿಡುವುದು ನನ್ನ ಅಭ್ಯಾಸ. ಎರಡೂವರೆ ಕಿಲೊದ ಚೀಲ ಎರಡೂವರೆ ಲೀಟರಿಗಿಂತ ಹೆಚ್ಚು ನೀರನ್ನು ಸರಿಸುವಂತಿದ್ದರೆ ಆರ್ಕಿಮಿಡೀಸನ ನಿಯಮದಂತೆ ತೇಲಲೇಬೇಕು. ಮನೆಯ ಹೌದಿನಲ್ಲಿ ತೇಲಿಸಿ ನೋಡಿ. ಕೈಜಾರಿದ ಚೀಲ ತಿರುಗಿ ಸಿಕ್ಕೀತು. ಆದರೆ ಅದು ಚೀಲವನ್ನು ಮಾತ್ರ ಕಾಯುತ್ತದೆ, ಮನುಷ್ಯನನ್ನಲ್ಲ. ಹರಗೋಲು ಹತ್ತುವವರಿಗೆ ಲೈಫ್ ಜಾಕೆಟ್ಟೇ ಆಗಬೇಕು.

ಮುಳ್ಳು, ದಾರ, ಸೀಸ

ಗಾಳದ ಮುಳ್ಳಿನ ಅಂಕಿ ಹೊಸಬರನ್ನು ಮೋಸಗೊಳಿಸುತ್ತದೆ. 10ನೇ ನಂಬರಿನದು 2ನೇ ನಂಬರಿಗಿಂತ ಸಣ್ಣದು. ವಿದ್ಯುತ್ ತಂತಿಯ ಗೇಜ್ ಇದ್ದ ಹಾಗೆ, ಅಂಕಿ ಏರಿದಷ್ಟೂ ಗಾತ್ರ ಇಳಿಯುತ್ತದೆ. ಆದರೆ 1/0, 2/0 ಎಂದು ಸೊನ್ನೆ ಸೇರಿದ ಮೇಲೆ ಲೆಕ್ಕ ತಿರುವುಮುರುವು. ಗಿರ್ಲಿಗೆ ಸಣ್ಣವು ಹತ್ತು, ಕಟ್ಲಾ-ರೋಹುವಿಗೆ ಮಧ್ಯಮದವು ಹತ್ತು, ಮರಲ್‌ಗೆ ದೊಡ್ಡವು ನಾಲ್ಕು. ಗುಳಿಗೆ ತುಂಬಿ ಬರುವ ಸಣ್ಣ ಪ್ಲಾಸ್ಟಿಕ್ ಡಬ್ಬಿ ಇವಕ್ಕೆ ಹೇಳಿ ಮಾಡಿಸಿದಂತಿದೆ.

ದಾರದ ಬಲ ಅದರ ದಪ್ಪದ ವರ್ಗಕ್ಕೆ ಅನುಗುಣ. 0.20 ಮಿ.ಮೀ. ದಾರಕ್ಕಿಂತ 0.40 ಮಿ.ಮೀ. ದಾರ ಎರಡು ಪಟ್ಟಲ್ಲ, ಹೆಚ್ಚುಕಡಿಮೆ ನಾಲ್ಕು ಪಟ್ಟು ಗಟ್ಟಿ. ನಮ್ಮ ಕೆರೆಗಳಿಗೆ 0.35 ಮಿ.ಮೀ. ನೈಲಾನ್ ದಾರ ಧಾರಾಳ ಸಾಕು. ಮೂರು ಕಿಲೊದ ಮೀನು ಎಂಟು ಕಿಲೊ ತಾಳುವ ದಾರವನ್ನು ಹರಿದುಕೊಂಡು ಹೋಯಿತು ಎಂದು ಅಚ್ಚರಿಪಡುವವರಿದ್ದಾರೆ. ಬಹಳ ಸಲ ತಪ್ಪು ಗಂಟಿನದು. ಗಂಟು ಬಿಗಿಯುವ ಮುನ್ನ ನೀರಿನಿಂದ ಒದ್ದೆ ಮಾಡಿಕೊಳ್ಳಬೇಕು. ಒಣಗಂಟನ್ನು ಸರ್ರನೆ ಎಳೆದರೆ ಘರ್ಷಣೆಯ ಬಿಸಿಗೆ ನೈಲಾನ್ ಅಲ್ಲೇ ಸೊರಗುತ್ತದೆ. ಇನ್ನು ನೀರಿನೊಳಗೆ ಮೀನಿನ ತೂಕವನ್ನು ನೀರೇ ಹೊತ್ತಿರುತ್ತದೆ, ದಾರಕ್ಕೆ ಬೀಳುವುದು ಎಳೆತ ಮಾತ್ರ. ದಂಡೆಗೆ ತಂದು ಗಾಳಿಗೆ ಎತ್ತಿದಿರೋ ಪೂರ್ತಿ ತೂಕ, ಮೇಲೆ ಅದರ ಒದ್ದಾಟ, ಎರಡೂ ಒಮ್ಮೆಗೇ ಬೀಳುತ್ತವೆ. ಹೆಚ್ಚಿನ ಮೀನು ತಪ್ಪುವುದು ಆ ಕೊನೆಯ ಒಂದು ಮೊಳದಲ್ಲೇ. ಅದಕ್ಕೇ ಮಡಚುವ ಕೈಬಲೆ ಒಂದು ಇರಬೇಕು. ಮೂರು ರೀಲಿನಲ್ಲಿ ಎರಡನ್ನು ತೆಗೆದು ಆ ಜಾಗಕ್ಕೆ ಅದನ್ನು ಸೇರಿಸಿದೆವು.

ಸೀಸದ ಗುಂಡಿನ ವಿಚಾರ ತಂದೆ ತಾಯಂದಿರು ಗಮನವಿಟ್ಟು ಓದಬೇಕು. ಸೀಳಿದ ಗುಂಡನ್ನು ದಾರದ ಮೇಲಿಟ್ಟು ಹಲ್ಲಿನಿಂದ ಕಚ್ಚಿ ಬಿಗಿಯುವುದು ಹುಡುಗರ ರೂಢಿ. ಚಿಕ್ಕಂದಿನಲ್ಲಿ ನಾನೂ ಮಾಡಿದ್ದೇನೆ, ಸುಳ್ಳೇಕೆ ಹೇಳಲಿ? ಸೀಸ ವಿಷ. ದೇಹಕ್ಕೆ ಸೇರಿದ್ದು ಬೇಗ ಹೊರಹೋಗದು, ಎಲುಬಿನಲ್ಲಿ ಕೂತುಬಿಡುತ್ತದೆ. ಬೆಳೆಯುವ ಮಕ್ಕಳ ಮೆದುಳಿಗೂ ಕೇಡು. ಅದೇ ಕೈಯಲ್ಲಿ ರೊಟ್ಟಿ ತಿನ್ನುವುದೂ ಸಲ್ಲದು. ಬ್ರಿಟನ್ನಿನಲ್ಲಿ ಗಾಳಗಾರರು ಚೆಲ್ಲಿದ ಗುಂಡು ನುಂಗಿ ಹಂಸಗಳು ಸಾಯತೊಡಗಿದ ಮೇಲೆ 1987ರಲ್ಲಿ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿದರು. ನಾವು ಸೀಸವನ್ನೆಲ್ಲ ತೆಗೆದು, ಸೈಕಲ್ ಅಂಗಡಿಯಿಂದ ನಾಲ್ಕೆಂಟು ಕಬ್ಬಿಣದ ನಟ್ಟು ತಂದೆವು. ಸೀಸದ ಸಾಂದ್ರತೆ 11.3, ಕಬ್ಬಿಣದ್ದು 7.9. ಗಾತ್ರ ತುಸು ಹೆಚ್ಚಾಯಿತು, ಅಷ್ಟೇ. ಮೀನೇನೂ ತಕರಾರು ಮಾಡಲಿಲ್ಲ.

ಒಂದು ಹಳೆಯ ಗಾಯ

ಇಕ್ಕಳದ ಬಗ್ಗೆ ನಾನು ಯಾಕೆ ಅಷ್ಟು ಕೇಳಿದೆ ಎಂದು ಹುಡುಗನಿಗೆ ಅಚ್ಚರಿ. ನನ್ನ ಬಲಗೈ ಹೆಬ್ಬೆರಳಿನ ಬುಡದ ಗೀರು ತೋರಿಸಿದೆ. ಬಿ.ಎಸ್ಸಿ. ಓದುತ್ತಿದ್ದಾಗಿನ ಮಾತು. ಗೆಳೆಯ ಬೀಸಿದ ಗಾಳದ ಮುಳ್ಳು ಅಲ್ಲಿ ಹೊಕ್ಕಿತು. ಮೊನೆಯಷ್ಟೇ ಅಲ್ಲ, ಅದರ ಹಿಂದಿನ ಎದುರುಮುಳ್ಳೂ ಒಳಗೆ ಇಳಿಯಿತು. ಹಿಂದಕ್ಕೆ ಎಳೆದಷ್ಟೂ ಮಾಂಸಕ್ಕೆ ಸಿಕ್ಕಿಕೊಳ್ಳುವುದೇ ಎದುರುಮುಳ್ಳಿನ ಕೆಲಸ. ನಮಗೆ ಅದು ಗೊತ್ತಿತ್ತು, ಆದರೂ ಗಾಬರಿಯಲ್ಲಿ ಎಳೆದೆವು. ಇಕ್ಕಳವೇನೋ ಇತ್ತು, ಚೀಲದ ತೀರ ತಳದಲ್ಲಿ. ಬಲಗೈಗೆ ಗಾಳ, ಎಡಗೈಯಿಂದ ಹುಡುಕಾಟ. ಸಾಮಾನೆಲ್ಲ ಕೆಸರಿಗೆ ಚೆಲ್ಲಿತು, ಇಕ್ಕಳ ಸಿಗಲಿಲ್ಲ. ಮುಳ್ಳು ಹೊತ್ತುಕೊಂಡೇ ಎಂಟು ಮೈಲಿ ಸೈಕಲ್ಲಿನಲ್ಲಿ ಬಂದೆ. ವೈದ್ಯರು ಮರಗಟ್ಟುವ ಸೂಜಿಮದ್ದು ಕೊಟ್ಟು, ಮುಳ್ಳನ್ನು ಮುಂದಕ್ಕೇ ತಳ್ಳಿ ಮೊನೆ ಹೊರಬರಿಸಿ, ಎದುರುಮುಳ್ಳನ್ನು ಕತ್ತರಿಸಿ, ಉಳಿದ ಕೊಕ್ಕೆಯನ್ನು ಸಲೀಸಾಗಿ ಹಿಂದಕ್ಕೆ ತೆಗೆದರು. ಎರಡು ನಿಮಿಷದ ಕೆಲಸ. ನಾವು ಎಳೆದಾಡಿದ ಗಾಯ ಮಾಯಲು ಮಾತ್ರ ತಿಂಗಳಾಯಿತು.

ಅಂದಿನಿಂದ ನನ್ನ ಚೀಲ ಕಟ್ಟುವ ಕ್ರಮವೇ ಬದಲಾಯಿತು. ತಂತಿ ಕತ್ತರಿಸುವ ಇಕ್ಕಳ ಎಡಗೈಗೆ ಎಟಕುವ ಹೊರಜೇಬಿನಲ್ಲಿ, ದಾರದ ತುದಿಗೆ ಕಟ್ಟಿ. ಕಣ್ಣು ಮುಚ್ಚಿಕೊಂಡು, ಎಡಗೈಯೊಂದರಿಂದಲೇ ಹತ್ತು ಎಣಿಸುವುದರೊಳಗೆ ತೆಗೆಯಲು ಬರಬೇಕು. ಹುಡುಗನಿಂದಲೂ ಮೂರು ಸಲ ಮಾಡಿಸಿದೆ. ಎಲ್ಲ ಮುಳ್ಳುಗಳ ಎದುರುಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಟ್ಟೆವು. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪುವುದು ಕಡಿಮೆ, ಬಿಡುವಾಗ ಅದರ ಬಾಯಿಯೂ ಹರಿಯುವುದಿಲ್ಲ. ಅಮೆರಿಕದ ಪಂದ್ಯಗಳಲ್ಲಿ ಸತ್ತ ಮೀನು ತಂದವರ ತೂಕದಲ್ಲಿ ದಂಡವಾಗಿ ಒಂದಿಷ್ಟು ಕಳೆಯುತ್ತಾರೆ. ಐವರು ಗೆಳೆಯರ ಪಂದ್ಯಕ್ಕೂ ಆ ನಿಯಮ ಸೇರಿಸಲು ಹೇಳಿದೆ. ಹಿಡಿದ ಮೀನನ್ನು ಒದ್ದೆ ಕೈಯಲ್ಲೇ ಮುಟ್ಟಬೇಕು. ಒಣ ಕೈ ಅದರ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ. ಆ ಲೋಳೆಯೇ ಅದಕ್ಕೆ ರೋಗ ತಡೆಯುವ ಕವಚ.

ಕಣ್ಣೂ ಮುಖ್ಯ. ಬೀಸುವಾಗ ಹಿಂದೆ ಯಾರಿದ್ದಾರೆ ನೋಡಬೇಕು, ಸಾದಾ ಕನ್ನಡಕವಾದರೂ ಹಾಕಿರಬೇಕು. ಮುಳ್ಳು ಕಣ್ಣಿಗೋ ಮುಖಕ್ಕೋ ಹೊಕ್ಕರೆ ಮುಟ್ಟದೆ ಆಸ್ಪತ್ರೆಗೇ ಹೋಗಬೇಕು. ಎಲ್ಲಿಗೆ ಚುಚ್ಚಿದರೂ ಟಿ.ಟಿ. ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಚೀಲ ಮುಗಿಯಿತು. ಉಳಿದದ್ದು ಜಾಗ. ಹುಡುಗರು ಆರಿಸಿದ್ದ ಕೊಳ್ಳೂರ ಸೇತುವೆಯ ಹೆಸರು ಕೇಳಿದೊಡನೆ ನಾನು ಒಲ್ಲೆ ಎಂದೆ. 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರ ಜಲಾಶಯದ ಕೆಳಗಿನ ಹೊಳೆ ಅದು. ಗೇಟು ಎತ್ತಿದರೆ ಬಿಸಿಲಿದ್ದ ದಿನವೂ ನೀರು ಏರುತ್ತದೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್. ಒಂದು ಲಕ್ಷ ಕ್ಯುಸೆಕ್ ಎಂದರೆ ಎಷ್ಟಾಯಿತು, ಮಕ್ಕಳೇ ಲೆಕ್ಕ ಹಾಕಲಿ. 2009ರಲ್ಲಿ, 2019ರಲ್ಲಿ ಈ ಹೊಳೆ ಏನು ಮಾಡಿತೆಂಬುದು ನೀಲಕಂಠರಾಯನಗಡ್ಡಿಯ ಜನಕ್ಕೆ ಗೊತ್ತು. ಜೊತೆಗೆ ಕೃಷ್ಣೆಯಲ್ಲಿ ಮೊಸಳೆಗಳಿವೆ. ಮೊಣಕಾಲು ನೀರಿನಲ್ಲಿ ನಿಂತು ಗಾಳ ಹಾಕುವ ಜಾಗ ಅದಲ್ಲ. ದಂಡೆಯುದ್ದಕ್ಕೂ ಪಂಪ್‌ಸೆಟ್ಟಿನ ವಿದ್ಯುತ್ ತಂತಿಗಳು ಜೋತುಬಿದ್ದಿರುತ್ತವೆ. ಈಗಿನ ಗಾಳದ ಕೋಲುಗಳಲ್ಲಿ ಹೆಚ್ಚಿನವು ಕಾರ್ಬನ್ನಿನವು. ಪೆನ್ಸಿಲಿನ ಸೀಸದಂತೆ ವಿದ್ಯುತ್ ಹರಿಸುವಂಥವು. ಹನ್ನೆರಡು ಅಡಿಯ ಕೋಲನ್ನು ತಂತಿಯ ಕೆಳಗೆ ಎತ್ತಿದರೆ ಮುಂದಿನದನ್ನು ಬರೆಯಲಾರೆ. ಏಪ್ರಿಲ್-ಮೇ ತಿಂಗಳ ಗುಡುಗು ಕೇಳಿದರೂ ಅಷ್ಟೇ. ಕೋಲು ಕೆಳಗಿಟ್ಟು ದಂಡೆ ಬಿಡಬೇಕು, ಮರದ ಬುಡಕ್ಕೆ ಹೋಗಬಾರದು.

ಹಾಗಾದರೆ ಸುರಪುರದ ಹತ್ತಿರದ ಬೋನಾಳ ಕೆರೆಗೆ ಹೋಗೋಣವೇ ಎಂದು ಹುಡುಗ ಕೇಳಿದ. ಅದು ಪಕ್ಷಿಧಾಮ. ಗಾಳದ ಚೀಲಕ್ಕೆ ಅಲ್ಲಿ ಕೆಲಸವಿಲ್ಲ. ಹರಿದು ಬಿಸಾಡಿದ ಗೇಣುದ್ದ ನೈಲಾನ್ ದಾರ ಹಕ್ಕಿಯ ಕಾಲಿಗೆ ಸುತ್ತಿತೆಂದರೆ ಅದಕ್ಕೆ ಬಿಡಿಸಿಕೊಳ್ಳಲು ಕೈಯಿಲ್ಲ. ಯಾವ ನೀರಿಗೆ ಹೋದರೂ ತುಂಡು ದಾರ ತಿರುಗಿ ತರಲೆಂದು ಚೀಲದ ಒಂದು ಜೇಬು ಖಾಲಿ ಇರಬೇಕು. ಊರ ಕೆರೆಗಳ ಮೀನೂ ಎಷ್ಟೋ ಕಡೆ ಮೀನುಗಾರರ ಸಹಕಾರ ಸಂಘದವರು ಗುತ್ತಿಗೆಗೆ ಹಿಡಿದು ಮರಿ ಬಿಟ್ಟು ಸಾಕಿದ್ದು. ಅವರನ್ನು ಕೇಳದೆ ಗಾಳ ಹಾಕಿದರೆ ಪರರ ಹೊಲದ ತೆನೆ ಮುರಿದಂತೆ. ಒಳನಾಡು ಮೀನುಗಾರಿಕೆಗೆ 1996ರ ಕಾಯಿದೆಯೇ ಇದೆ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದರೆ ಎಲ್ಲಿ ಏನು ಅಪ್ಪಣೆ ಬೇಕೆಂದು ಹೇಳುತ್ತಾರೆ.

ಮರುದಿನ ತಂದೆ-ಮಗ ಇಬ್ಬರೂ ಹೋಗಿ, ಶಹಾಪುರದ ಹತ್ತಿರದ ಒಂದು ಕೆರೆಯ ಸಂಘದವರನ್ನು ಕಂಡು ಒಪ್ಪಿಗೆ ಪಡೆದು ಬಂದರು. ಹಿಡಿದದ್ದನ್ನೆಲ್ಲ ಅಲ್ಲೇ ಬಿಡಬೇಕೆಂಬ ಕರಾರು. ಚೀಲಕ್ಕೆ ಇಪ್ಪತ್ತು ಮೀಟರ್ ಹಗ್ಗ, ಒಂದು ಸೀಟಿ, ಬ್ಯಾಂಡೇಜು, ಎರಡು ಲೀಟರಿನ ಬಾಟಲಿ, ಉಪ್ಪು-ಸಕ್ಕರೆಯ ಪುಡಿ, ದೊಡ್ಡ ಟವೆಲು ಸೇರಿದವು. 42-43 ಡಿಗ್ರಿ ಬಿಸಿಲಿನ ನಾಡಿನಲ್ಲಿ ಇವಿಲ್ಲದೆ ನಡೆಯದು. ನೀರು ಬಿಟ್ಟು ಚೀಲದ ತೂಕ ಎರಡೂವರೆ ಕಿಲೊ. ಆರು ಗಂಟೆಗೆ ಹೋಗಿ ಹತ್ತಕ್ಕೆ ತಿರುಗಿ ಬರಬೇಕು, ದೊಡ್ಡವರೊಬ್ಬರು ಜೊತೆಗಿರಬೇಕು ಎಂದು ಗೊತ್ತಾಯಿತು.

ಪಂದ್ಯದ ಬೆಳಿಗ್ಗೆ ನಾನೂ ಹೋಗಿದ್ದೆ. ಹೊರಡುವಾಗ ಅವನ ತಾಯಿ ಚೀಲವನ್ನು ಇಸಿದುಕೊಂಡು ಜೇಬು ಜೇಬನ್ನೂ ಬಿಚ್ಚಿ ನೋಡಿದರು. ಇಕ್ಕಳ ಯಾವ ಜೇಬಿನಲ್ಲಿದೆ ಎಂದು ಮಗನನ್ನು ಕೇಳಿ, ಅವನು ತೆಗೆದು ತೋರಿಸಿದ ಮೇಲೆ ನಾಲ್ಕು ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ಎಲ್ಲದರ ಮೇಲಿಟ್ಟರು. "ಈ ಹಿಂಡಿ ಮೀನಕ್ಕಲ್ಲ, ನಿನಗ" ಎಂದರು.

ನಾಲ್ಕು ತಾಸಿಗೆ ಅವನಿಗೆ ಸಿಕ್ಕಿದ್ದು ಎರಡು ಜಿಲೇಬಿ ಮೀನು, ಒಂದು ಗಿರ್ಲು. ಮೂರೂ ತೂಗಿ ಮುನ್ನೂರ ಐವತ್ತು ಗ್ರಾಂ. ಮರಲ್ ಒಂದು ರಬ್ಬರ್ ಕಪ್ಪೆಯ ಬೆನ್ನಟ್ಟಿ ಬಂದು ದಂಡೆಯಲ್ಲಿ ನಮ್ಮನ್ನು ನೋಡಿ ತಿರುಗಿಹೋಯಿತು. ಪಂದ್ಯದಲ್ಲಿ ಅವನು ಮೂರನೆಯವನಾದ. ಮಿರ್ಚಿಭಜಿಯ ದುಡ್ಡು ಕೊಟ್ಟವರಲ್ಲಿ ಅವನೂ ಒಬ್ಬ.